ಅಪ್‌ಡೇಟ್: ಕೋವಿ ಹಿಡಿಯ ಚೆಕರಿಂಗ್‌ಗೆ ಕೈ ಕಟರ್ರೋ, ಮಷೀನೋ?

ಕೊಡಗಿನ ನಮ್ಮ ಮನೆಯ ಹಳೇ ಕೋವಿಯ ಹಿಡಿಯಲ್ಲಿ ಚೆಕರಿಂಗ್ (ಕೈ ಜಾರದಂತೆ ಮರದಲ್ಲಿ ಒಂದಕ್ಕೊಂದು ಅಡ್ಡಲಾಗಿ ಕೊರೆದ ಗೆರೆಗಳು) ಸವೆದಿದೆ, ಮತ್ತೆ ಕೊರೆಯಲು ಕೈ ಕಟರ್ ಸಾಕಾ, ಕರೆಂಟಿನ ಮಷೀನ್ ಬೇಕಾ ಅಂತ ಕೇಳಿದ್ದೆ. ಕೈಯದ್ದನ್ನೇ ತಗೊಂಡೆ, ತುಂಬಾ ಖುಷಿಯಾಗಿದೆ. ಎರಡು ಸಾಲು ಹಲ್ಲಿನ ಕಟರ್‌ನಲ್ಲಿ ಒಂದು ಸಾಲು ಹಳೇ ಗೆರೆಯಲ್ಲಿ ಕೂತು ದಾರಿ ತೋರಿಸುತ್ತದೆ, ಇನ್ನೊಂದು ಪಕ್ಕದ ಗೆರೆಯನ್ನು ಅದೇ ಅಂತರದಲ್ಲಿ ಕೊರೆಯುತ್ತದೆ, ಹಾಗಾಗಿ ಇಂಚಿಗೆ 18 ಗೆರೆ ಇದ್ದರೆ ಕಟರ್ ಕೂಡ 18ರದ್ದೇ ಬೇಕು. ಆಮೇಲೆ ಒಂದೇ ಸಾಲು ಹಲ್ಲಿನ, V ಆಕಾರದ ಕಟರ್‌ನಿಂದ ಸ್ವಲ್ಪ ಸ್ವಲ್ಪವೇ ಆಳ ಮಾಡಿದರೆ ವಜ್ರದಂಥ ಮೊನೆಗಳು ಏಳುತ್ತವೆ. ದಿನಾ ಇದೇ ಕೆಲಸ ಮಾಡುವವರಿಗೆ ಮಷೀನ್ ಸರಿ, ಬೇಗ ಮುಗಿಯುತ್ತದೆ. ಆದರೆ ಚೆಕರಿಂಗ್‌ನ ಅಂಚಿನ ಹತ್ತಿರ ಕೈಯೇ ವಾಸಿ, ಗೆರೆ ಅಂಚು ದಾಟಿದರೆ ಮುಚ್ಚೋದು ಕಷ್ಟ ಅಲ್ವಾ! ಇನ್ನು ಎಣ್ಣೆ ಹಚ್ಚೋದಷ್ಟೇ ಬಾಕಿ, ತೀರಾ ತೆಳುವಾಗಿ, ಹಲ್ಲುಜ್ಜುವ ಬ್ರಷ್‌ನಿಂದ.