ಸಹಾಯ ಬೇಕು: ಬರ್ನ್ಸ್ ಸಪ್ಪರ್‌ನಲ್ಲಿ ಪಿಟೀಲು ನುಡಿಸಬೇಕಿದೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಗ್ಲಾಸ್ಗೋದಲ್ಲಿ. ಇಲ್ಲಿನ ಒಂದು ಮೇಸನಿಕ್ ಲಾಡ್ಜ್‌ನವರು (ಫ್ರೀಮೇಸನ್ ಎಂಬ ಸೋದರ ಸಂಘದ ಶಾಖೆ) ಜನವರಿ ಕೊನೆಗೆ ಬರ್ನ್ಸ್ ಸಪ್ಪರ್ (ಸ್ಕಾಟ್ಲೆಂಡಿನ ಕವಿಯೊಬ್ಬರ ನೆನಪಿನ ಔತಣ) ಇಟ್ಟುಕೊಂಡಿದ್ದಾರೆ. ಆ ಕವಿ ರಾಬರ್ಟ್ ಬರ್ನ್ಸ್ 1781ರಲ್ಲಿ ಮೇಸನ್ ಆದವರು, ಹಾಗಾಗಿ ಲಾಡ್ಜ್‌ನವರಿಗೆ ಈ ಊಟ ಅಂದರೆ ಮನೆ ಹಬ್ಬ. ಹ್ಯಾಗಿಸ್ (ಕುರಿಯ ಒಳಾಂಗಗಳಿಂದ ಮಾಡುವ ಸ್ಕಾಟಿಷ್ ಖಾದ್ಯ) ತಟ್ಟೆ ಒಳಗೆ ಬರುವಾಗ ಬ್ಯಾಗ್‌ಪೈಪ್‌ನವರು ಊದುತ್ತಾರೆ, ಅದರ ಚಿಂತೆ ನನಗಿಲ್ಲ. ಊಟ ಆದ ಮೇಲಿನ ಅರ್ಧ ಗಂಟೆ ನನ್ನದು.

ನಾನು ಕಲಿತದ್ದು ಕರ್ನಾಟಕ ಸಂಗೀತ. ಸ್ವರಗಳೇನೂ ಅಷ್ಟು ದೂರದವಲ್ಲ. ಕೊನೆಗೆ ಎಲ್ಲರೂ ಕೈ ಕೈ ಹಿಡಿದು ಹಾಡುವ 'ಆಲ್ಡ್ ಲ್ಯಾಂಗ್ ಸೈನ್' ನಮ್ಮ ಮೋಹನ ರಾಗದ ಸ್ವರಗಳಲ್ಲೇ ಇದೆ. ಪೈಪ್‌ನ ಸ್ವರಗಳು ಹೆಚ್ಚುಕಡಿಮೆ ಹರಿಕಾಂಭೋಜಿ ರಾಗದವು. ಕಷ್ಟ ಇರುವುದು ಸ್ಟ್ರಾತ್‌ಸ್ಪೇ ಎಂಬ ಸ್ಕಾಟಿಷ್ ಕುಣಿತದ ಮಟ್ಟಿನಲ್ಲಿ. ಗಿಡ್ಡ ಸ್ವರ ಮೊದಲು, ಉದ್ದದ್ದು ಆಮೇಲೆ, ಟಕ್ಕಂತ ಬೀಳಬೇಕು. ಸ್ಕಾಚ್ ಸ್ನ್ಯಾಪ್ ಅಂದರೆ ಇದೇ. ನನ್ನ ಕಮಾನು ಅಲ್ಲಿ ಮೆತ್ತಗೆ ಜಾರುತ್ತದೆ, ಬೆರಳು ಕೇಳದೆಯೇ ಗಮಕ (ಸ್ವರವನ್ನು ಆಡಿಸುವುದು, ಜಾರಿಸುವುದು) ಹಾಕುತ್ತದೆ!

ಇಲ್ಲಿ ಫಿಡಲ್ (ಸ್ಕಾಟಿಷ್ ಶೈಲಿಯ ಪಿಟೀಲು) ನುಡಿಸುವವರು ಯಾರಾದರೂ ಇದ್ದೀರಾ? ಸ್ನ್ಯಾಪ್‌ಗೆ ಪ್ರತಿ ಸ್ವರಕ್ಕೂ ಕಮಾನು ತಿರುಗಿಸಬೇಕಾ? ನನ್ನ ತಂತಿಗಳು ಸ-ಪ-ಸ-ಪ ಶ್ರುತಿಯಲ್ಲಿವೆ. ಜೊತೆಗೆ ಪಿಯಾನೋ ಇರುತ್ತದೆ, ಹಾಗಾಗಿ ಪಾಶ್ಚಾತ್ಯ ಶ್ರುತಿ ಜಿ-ಡಿ-ಎ-ಇ ಮಾಡಿಕೊಳ್ಳುವುದೇ ವಾಸಿ ಅಲ್ವಾ? ಇನ್ನೊಂದು ವಿಷಯ. ಸ್ಕಾಟ್ಲೆಂಡಿನ ಹಳೆಯ ಪಿಟೀಲುಗಾರ ನೀಲ್ ಗೌ ತನ್ನ ಎರಡನೇ ಹೆಂಡತಿ ತೀರಿಕೊಂಡಾಗ ಕಟ್ಟಿದ ವಿಳಂಬದ ರಚನೆ ನನಗೆ ಬಹಳ ಇಷ್ಟ. ಹೊಟ್ಟೆ ತುಂಬಾ ಉಂಡು ವಿಸ್ಕಿ ಹಿಡಿದು ಕೂತವರ ಮುಂದೆ ಅದನ್ನು ನುಡಿಸಬಹುದಾ, ಅಥವಾ ನೇರವಾಗಿ ರೀಲ್‌ಗೆ (ವೇಗದ ಕುಣಿತದ ಮಟ್ಟು) ಹೋಗಲಾ? ಆ ಕಮಾನಿನ ಕೆಲಸ ಒಮ್ಮೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ದೊಡ್ಡ ಉಪಕಾರ. ವಾರದ ದಿನ ಸಂಜೆ ನಾನು ಬಿಡುವಾಗಿರುತ್ತೇನೆ.