ಮನಿ ಮುಂದ ಕ್ರಿಸ್‌ಮಸ್ ಟ್ರೀ ಹಚ್ಚೋದೋ, ಹೂವಿನ ಗಿಡ ಹಚ್ಚೋದೋ? (ರಾಯಚೂರು, ಎರಿ ಅಂದ್ರ ಕಪ್ಪು ಮಣ್ಣು)

ಬಿಸಿಲೂರು_ಮನಿ:
ನಮಸ್ಕಾರ್ರಿ ಎಲ್ಲರಿಗೂ. ರಾಯಚೂರಾಗ ಹೊಸ ಮನಿ ಕಟ್ಟೀವಿ, ಪಡುವಣ ದಿಕ್ಕಿಗೆ ಬಾಗಲ, ಮುಂದ ಕಾಂಪೌಂಡ್ ಒಳಗ ಹನ್ನೆರಡು ಫೂಟು ಜಾಗ ಉಳದದ. ಒಂದ ಒಂದು ಗಿಡಕ್ಕ ಜಾಗ, ಅದಕ್ಕ ಇಷ್ಟು ಜಗಳ. ನನಗ ಆ ಕ್ರಿಸ್‌ಮಸ್ ಟ್ರೀ ಅಂತಾರಲ್ಲ ಅರೌಕೇರಿಯಾ, ಅಂತಸ್ತು ಅಂತಸ್ತು ಆಗಿ ಸೀದಾ ಮ್ಯಾಲ ಹೋಗ್ತದ, ಅದು ಲಾಲ್‌ಬಾಗ್‌ನಾಗ ನೋಡಿದಾಗಿಂದ ತಲ್ಯಾಗ ಕುಂತುಬಿಟ್ಟದ. ವರ್ಷಪೂರ್ತಿ ಹಸಿರು, ಎಲಿ ಕಸ ಇಲ್ಲ, ರಸ್ತಾದಾಗ ಹೋಗೋರಿಗೆ ಹಾಲ್ ಕಾಣಂಗಿಲ್ಲ. ಮನಿಯಾಕಿಗೆ ಹೂವಿನ ಗಿಡಾನ ಬೇಕು, ಕಕ್ಕಿ (ಕಕ್ಕೆ ಮರ) ಇಲ್ಲಂದ್ರ ಟಬೂಬಿಯಾ, ಎರಡೂ ಹಳದಿ ಹೂವಿನ ಗಿಡ. ಅವ್ವ ಅಂತೂ ದೇವರಿಗೆ ನಾಕು ಹೂವ ಕೊಡದ ಗಿಡ ಯಾತಕ್ಕ ಬೇಕೋ ಅಂತಾಳ. ನರ್ಸರಿಯಾಗ ಕೇಳಿದ್ರ ಎರಡೂ ಚೊಲೋ ಬರ್ತಾವ್ರಿ ಸರ ಅಂದ, ಅವಗೇನು, ಮಾರಿದ್ರ ಆತು. ಮಣ್ಣು ಎರಿ, ನೀರು ಬೋರಿಂದು, ಸ್ವಲ್ಪ ಸೌಳು, ಅಂದ್ರ ಉಪ್ಪು. ಅರೌಕೇರಿಯಾ ಆಗಲ್ಲ ಅಂದ್ರ ಥುಜಾ ಆದ್ರೂ ನಡೀತದ. ಹಚ್ಚಿ ನೋಡಿದವರು ಹೇಳ್ರಿ.

ಕೊಪ್ಪಳ_ತೋಟ:
ಸರ, ಲಾಲ್‌ಬಾಗ್‌ನಾಗ ನೋಡಿ ರಾಯಚೂರಾಗ ಹಚ್ಚೋ ಆಸೆ ಮೊದ್ಲು ಬಿಡ್ರಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರಾಗ ಐತಿ, ನಿಮ್ಮ ಊರು 400ರ ಆಸುಪಾಸು. ಆ ಗಿಡದ ತವರು ನಾರ್ಫೋಕ್ ದ್ವೀಪ, ಆಸ್ಟ್ರೇಲಿಯಾ ನ್ಯೂಜಿಲೆಂಡ್ ನಡುವ ಸಮುದ್ರದಾಗ, ಸುತ್ತ ನೀರು, ತಂಪು ಗಾಳಿ, ಬ್ಯಾಸಗ್ಯಾಗ ಸೈತ 30 ಡಿಗ್ರಿ ದಾಟಂಗಿಲ್ಲ. ನಿಮ್ಮಲ್ಲಿ ಏಪ್ರಿಲ್ ಮೇದಾಗ 42-43, ಅದರ ಮ್ಯಾಲ ಒಣ ಗಾಳಿ. ಗಿಡ ಒಮ್ಮೆಲೆ ಸಾಯಂಗಿಲ್ರಿ, ಅದಾ ಮೋಸ. ಕೆಳಗಿನ ಟೊಂಗಿ ತುದಿಯಿಂದ ಕಂದು ಬಣ್ಣಕ್ಕ ತಿರಗತಾವು, ಒಣಗಿ ಉದರತಾವು, ಉದುರಿದ ಟೊಂಗಿ ಜಾಗಕ್ಕ ಮತ್ತ ಹೊಸಾದು ಬರಂಗಿಲ್ಲ. ನಾಕೈದು ವರ್ಷಕ್ಕ ಕೆಳಗ ಬೋಳು ಕಂಬ, ಮ್ಯಾಲ ಒಂದು ಛತ್ರಿ. ಹಾಲ್ ಕಾಣದಂಗ ಅಡ್ಡ ಆಗೋದು ದೂರ ಉಳೀತು.

ಇನ್ನೊಂದು, ನರ್ಸರಿಯಾಗ ನಾರ್ಫೋಕ್ ಅಂತ ಕೊಡೋದ್ರಾಗ ಭಾಳಷ್ಟು ಕುಕ್ ಪೈನ್ ಇರತಾವು, ನ್ಯೂ ಕ್ಯಾಲಿಡೋನಿಯಾದ್ದು. ಅದು ಬೆಳದಂಗ ಬೆಳದಂಗ ಭೂಮಧ್ಯ ರೇಖೆ ಕಡೆ ವಾಲತೈತಿ, ಅಂದ್ರ ನಮ್ಮಲ್ಲಿ ದಕ್ಷಿಣಕ್ಕ. ಇದನ್ನ ಬ್ಯಾರೆ ಬ್ಯಾರೆ ದೇಶದ ಗಿಡ ಅಳದು 2017ರಾಗ ಬರದಾರ. ಸೀದಾ ಹೋಗ್ತೈತಿ ಅಂತ ಹಚ್ಚೋರಿಗೆ ಹೇಳಿದೆ ಅಷ್ಟ.

ಗಣಿನಾಡು_ಬಳ್ಳಾರಿ:
ಅರೌಕೇರಿಯಾ ಬಗ್ಗೆ ಹೇಳಿದ್ದು ಸರಿ ಬ್ರೋ, ಆದ್ರೆ ಕೋನಿಫರ್ (ಥುಜಾ, ಪೈನ್ ಥರದ ಗಿಡ) ಎಲ್ಲಾನೂ ಒಂದೇ ಗಂಟಿಗೆ ಕಟ್ಬ್ಯಾಡ್ರಿ. ನಮ್ಮ ಮನೆ ಗೇಟ್ ಎರಡೂ ಕಡೆ ಮೋರ್‌ಪಂಖಿ ಐತೆ, ಅದೇ ನೀವು ಥುಜಾ ಅಂತೀರಲ್ಲ ಅದು, ಬಳ್ಳಾರಿ ಬಿಸಿಲು ಕುಡಿದು ಆರಾಮಾಗಿ ನಿಂತೈತೆ. ಬಿಸಿಲಿಗಿಂತ ಕಾಟ ಕೊಡೋದು ನುಸಿ. ಮಾರ್ಚ್ ಬಂತಂದ್ರೆ ಗಿಡ ಬೂದಿ ಬಣ್ಣಕ್ಕೆ ತಿರುಗತೈತೆ, ಜನ ನೀರು ಕಮ್ಮಿ ಆಗೈತೆ ಅನ್ಕೊಂಡು ಬುಡಕ್ಕೆ ಬಕೆಟ್‌ಗಟ್ಲೆ ಸುರೀತಾರೆ. ಒಂದು ಬಿಳಿ ಹಾಳೆ ಕೆಳಗೆ ಹಿಡಿದು ಟೊಂಗೆ ಜಾಡಿಸಿ ನೋಡ್ರಿ, ಖಾರದಪುಡಿ ಹಂಗೆ ಸಣ್ಣ ಚುಕ್ಕಿ ಬಿದ್ದು ಹರಿದಾಡಿದ್ರೆ ಅದೇ ನುಸಿ. ಬೆಳಿಗ್ಗೆ ಪೈಪ್ ಹಿಡಿದು ಒಳಗೂ ಹೊರಗೂ ಜೋರಾಗಿ ನೀರು ಹೊಡೀರಿ, ಧೂಳೂ ಹೋಗತೈತೆ ನುಸೀನೂ ಹೋಗತೈತೆ. ಗಂಧಕ ಸಿಂಪಡಿಸ್ರಿ ಅಂತ ಅಂಗಡಿಯವ್ರು ಕೊಡ್ತಾರೆ, ನಮ್ಮ ಬ್ಯಾಸಿಗೆ ಬಿಸಿಲಲ್ಲಿ ಹೊಡೆದ್ರೆ ಎಲೆ ಸುಟ್ಟೋಗತೈತೆ, ಹುಷಾರು.

ಕತ್ತರಿ ಹಾಕೋವಾಗ ಹಸಿರು ಇರೋ ಮಟ್ಟಕ್ಕೆ ಮಾತ್ರ. ಒಳಗಿನ ಒಣ ಕಡ್ಡಿವರೆಗೂ ಕತ್ತರಿಸಿದ್ರೆ ಅಲ್ಲಿ ಮತ್ತೆ ಚಿಗುರಲ್ಲ, ತೂತು ತೂತಾಗೇ ಉಳಿತೈತೆ.

ಬಿಸಿಲೂರು_ಮನಿ:
ಇದು ಗೊತ್ತಿರಲಿಲ್ಲ ಅಣ್ಣ, ಥ್ಯಾಂಕ್ಸ್. ಆದ್ರ ಥುಜಾ ನೆರಳು ಕೊಡ್ತದೇನು? ಸಂಜಿ ಮೂರರಿಂದ ಆರರ ತನಕ ಬಿಸಿಲು ಸೀದಾ ಹಾಲ್‌ನಾಗ ಬಂದು ಕೂಡ್ತದ, ಸೋಫಾ ಮುಟ್ಟಿದ್ರ ಸುಡ್ತದ.

ಗಣಿನಾಡು_ಬಳ್ಳಾರಿ:
ನೆರಳು ಬೇಕಂದ್ರೆ ಥುಜಾ ಕೇಳ್ಲೇಬ್ಯಾಡ್ರಿ, ಅದು ಗೇಟಿಗೆ ಅಂದ ಅಷ್ಟೇ.

ಸಿಂಧನೂರು_ಅಕ್ಕ:
ತಮ್ಮಾ, ನಿನ್ನ ಹೆಂಡ್ತಿ ಮಾತು ಕೇಳಿ ಕಕ್ಕಿ ಹಚ್ಚಪ್ಪ. ನಮ್ಮ ನೆಲದ ಗಿಡ, ಬೇರು ಆಳಕ್ಕ ಹೋಗ್ತದ, ಎರಡು ಬ್ಯಾಸಗಿ ನೀರು ಹಾಕಿ ದಾಟಿಸಿದ್ರ ಆಮ್ಯಾಲ ನಿನ್ನ ಬೋರಿನ ಹಂಗಿಲ್ಲ. ಏಪ್ರಿಲ್ ಮೇದಾಗ ಹಳದಿ ಗೊಂಚಲು ಮಾರುದ್ದ ಇಳಿಬಿಟ್ಟಾಗ ಹಾದಿ ಮ್ಯಾಲ ಹೋಗೋರು ಗಾಡಿ ನಿಲ್ಲಿಸಿ ಫೋಟೋ ತಗೀತಾರ. ಸಣ್ಣ ಸಸಿ ತಗೋ, ದೊಡ್ಡ ಪಾಕೀಟಿಂದು ಬ್ಯಾಡ. ಇದರ ತಾಯಿಬೇರು ಪಾಕೀಟಿನ ತಳದಾಗ ಸುತ್ತಿಕೊಂಡಿದ್ರ ನೆಲಕ್ಕ ಹೋದ ಮ್ಯಾಲೂ ಸುತ್ತಿಕೊಂಡ ಕೂಡ್ತದ. ಮಳಿಗಾಲದಾಗ ಎಲಿ ತುಂಬ ಹಸಿರು ಹುಳ ಬರ್ತಾವ, ಹೆದರಿ ಹುಳ ಸಾಯೋ ಎಣ್ಣಿ ಹೊಡೀಬ್ಯಾಡ, ಆಮ್ಯಾಲ ಹಳದಿ ಚಿಟ್ಟಿ ಆಗಿ ಹಾರಿ ಹೋಗ್ತಾವ, ಗಿಡಕ್ಕ ಏನೂ ಆಗಂಗಿಲ್ಲ. ಕಾಯಿ ಮಾತ್ರ ಕೋಲಿನಂಗ ಉದ್ದ, ಉದುರಿದಾಗ ಕಸ, ಅದೊಂದು ಸೈಸಬೇಕು.

ಗುಲ್‌ಮೊಹರ್ ಅಂತ ಯಾರರ ಹೇಳಿದ್ರ ಕಿವಿಗೆ ಹಾಕ್ಕೋಬ್ಯಾಡ. ಬೇರು ಮ್ಯಾಲ ಹರೀತಾವ, ಮುಂಗಾರಿನ ಮೊದಲ ಗಾಳಿಗೆ ಟೊಂಗಿ ಮುರಿತಾವ.

ಕೊಪ್ಪಳ_ತೋಟ:
ಅಕ್ಕಾರ ಹೇಳೋದು ಖರೆ, ಕಕ್ಕಿ ನನಗೂ ಸೇರತೈತಿ, ಆದ್ರ ಇವರಿಗೆ ಬೇಕಾಗಿರೋದು ಪಡುವಣ ಬಿಸಿಲಿಗೆ ನೆರಳು. ಕಕ್ಕಿ ಎಲಿ ಉದುರಿಸೋದು ಯಾವಾಗ? ಮಾರ್ಚ್ ಏಪ್ರಿಲ್‌ದಾಗ. ಬಿಸಿಲು ಸುಡೋ ಟೈಮಿಗೆ ಬೋಳಾಗಿ ನಿಂತು ಹೂವ ಬಿಡತೈತಿ, ಎಲಿ ತುಂಬೋ ಹೊತ್ತಿಗೆ ಮಳಿ ಬಂದಿರತೈತಿ. ಟಬೂಬಿಯಾನೂ ಹಂಗ, ಫೆಬ್ರವರಿ ಮಾರ್ಚ್‌ಗೆ ಹಳದಿ ಹೂವ ಬಿಟ್ಟಾಗ ಮೈಮ್ಯಾಲ ಎಲಿ ಇರಂಗಿಲ್ಲ. ನೋಡಾಕ ಚಂದ, ಸೋಫಾ ಮಾತ್ರ ಸುಡೋದು ತಪ್ಪಂಗಿಲ್ಲ.

ನನ್ನ ಕೇಳಿದ್ರ, ವರ್ಷಪೂರ್ತಿ ಹಸಿರು ಬೇಕಂದ್ರ ಸೂಜಿ ಎಲಿ ಗಿಡಾನ ಆಗಬೇಕಂತ ಎಲ್ಲೈತ್ರಿ? ಕಾರ್ಡಿಯಾ ನೋಡ್ರಿ, ಕಾರ್ಡಿಯಾ ಸೆಬೆಸ್ಟೆನಾ ಅಂತ ಕೇಳ್ರಿ. ಅಗಲ ಖರಖರ ಎಲಿ, ಕಿತ್ತಳೆ ಬಣ್ಣದ ಹೂವಿನ ಗೊಂಚಲು ಹೆಚ್ಚುಕಮ್ಮಿ ವರ್ಷಪೂರ್ತಿ, ಇಪ್ಪತ್ತು ಇಪ್ಪತ್ತೈದು ಫೂಟಿಗೆ ನಿಲ್ಲತೈತಿ, ಕರಾವಳಿ ಉಪ್ಪು ಗಾಳಿ ತಡಿಯೋ ಗಿಡ ಆದ್ದರಿಂದ ನಿಮ್ಮ ಸೌಳು ನೀರಿಗೂ ಅಂಜಂಗಿಲ್ಲ. ಜಾಗ ದೊಡ್ಡದಿದ್ರ ಕಣ್ಣು ಮುಚ್ಚಿ ಹೊಂಗಿ ಅಂತಿದ್ದೆ, ಹನ್ನೆರಡು ಫೂಟಿಗೆ ಅದು ಜಾಸ್ತಿ. ಆಕಾಶಮಲ್ಲಿಗೆನೂ ಎತ್ತರಕ್ಕ ಹೋಗತೈತಿ, ಘಮಘಮ ಹೂವ, ಆದ್ರ ಬೇರಿನಿಂದ ಅಲ್ಲಲ್ಲಿ ಮರಿ ಎಬ್ಬಿಸತೈತಿ, ಟೈಲ್ಸ್ ಹಾಕಿದವರಿಗೆ ಅದು ತಲಿಬ್ಯಾನಿ. ಕಾನೋಕಾರ್ಪಸ್ ಅಂತೂ ಕೊಟ್ರೂ ಇಸಕೋಬ್ಯಾಡ್ರಿ, ಗುಜರಾತ್ ಸರ್ಕಾರ 2023ರಾಗ ಅದನ್ನ ಹಚ್ಚೋದಾ ಬಂದ್ ಮಾಡೈತಿ.

ಈಗ ತಗ್ಗಿನ ವಿಚಾರ. ಮೂರು ಫೂಟು ತಗ್ಗು ತಗದು ಕೆಂಪು ಮಣ್ಣು ತುಂಬ್ರಿ ಅಂತ ಎಲ್ಲರೂ ಹೇಳ್ತಾರ, ಮಸಾರಿ (ಕೆಂಪು ಮಣ್ಣಿನ) ನೆಲಕ್ಕ ಅದು ಸರಿ. ಎರಿ ನೆಲದಾಗ ಸುತ್ತಲಿನ ಮಣ್ಣು ನೀರು ಬಿಡಂಗಿಲ್ಲ, ಮಳಿ ನೀರೆಲ್ಲ ಆ ತಗ್ಗಿನ್ಯಾಗ ಇಳದು ನಿಲ್ಲತೈತಿ, ಸಪ್ಟಂಬರ್ ಮಳಿಗೆ ಬೇರು ಕೊಳೀತಾವು. ಅದಕ್ಕ ತಗ್ಗಿನ ಬದಲಿ ಒಂದೂವರಿ ಫೂಟು ದಿಬ್ಬ ಮಾಡ್ರಿ, ಇದ್ದ ಎರಿ ಮಣ್ಣಿಗೇ ಗರಸು, ತಿಪ್ಪಿಗೊಬ್ಬರ ಕಲಸಿ ಏರಿಸ್ರಿ, ಸಸಿ ಅದರ ಮ್ಯಾಲ ಕೂಡ್ಲಿ. ಮನಿ ಗೋಡಿಗೆ ಅಲ್ಲ, ಕಾಂಪೌಂಡ್ ಕಡೆಗೆ ಸರಿಸಿ ಹಚ್ರಿ, ಎರಿ ಮಣ್ಣು ಒಣಗಿದಾಗ ಮೊದಲ ಬಿರಿತೈತಿ, ಬೇರು ಪಾಯದ ಹತ್ರ ನೀರು ಎಳದ್ರ ಗೋಡಿಗೂ ಬಿರುಕು ಬರತೈತಿ. ಎಳಿ ಎಲಿ ಹಳದಿ ಆಗಿ ನರ ಮಾತ್ರ ಹಸಿರು ಉಳದ್ರ ಗೊಬ್ಬರ ಸುರೀಬ್ಯಾಡ್ರಿ, ಸುಣ್ಣದ ಮಣ್ಣಿನ್ಯಾಗ ಗಿಡಕ್ಕ ಕಬ್ಬಿಣ ಸಿಗತಿಲ್ಲ ಅಂತ ತಿಳೀರಿ. ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬಿಹಣ್ಣು ಹಿಂಡಿ ಸಂಜಿ ಹೊತ್ತು ಎಲಿಗೆ ಹೊಡೀರಿ.

ಸಿಂಧನೂರು_ಅಕ್ಕ:
ಆ ಕಾರ್ಡಿಯಾ ನಮ್ಮ ಕಡೆ ಒಂದೆರಡು ಆಫೀಸ್ ಮುಂದ ಅದಾವ, ಹೌದು, ಹಸಿರು ಇರ್ತಾವ. ಕಕ್ಕಿ ಚಂದ ಅದಕ್ಕ ಬರಂಗಿಲ್ಲ ಬಿಡು, ನಾ ಸೋಲಂಗಿಲ್ಲ 😄

ಬಿಸಿಲೂರು_ಮನಿ:
ಅಕ್ಕಾರ, ಮನಿಯಾಕಿ ಓದಿ ನಿಮ್ಮ ಪಾರ್ಟಿ ಸೇರ್ಯಾಳ. ನಾ ಸೋಫಾ ನೋಡಿ ಕಾರ್ಡಿಯಾ ಅಂದೆ, ಅರ್ಧ ಒಪ್ಪ್ಯಾಳ, ಮಳಿ ಬಿದ್ದ ಮ್ಯಾಲ ಹಚ್ತೀವಿ. ಕ್ರಿಸ್‌ಮಸ್ ಟ್ರೀ ಆಸೆ ಪೂರ್ತಿ ಹೋಗವಲ್ದು, ಕುಂಡ್ಯಾಗ ಇಟ್ರ ನಡೀತದೇನು? ಮತ್ತ ಕಾರ್ಡಿಯಾ ಹೂವ ದೇವರಿಗೆ ಏರಿಸ್ತಾರೇನ್ರಿ, ಅವ್ವ ಕೇಳಕತ್ತಾಳ.

ಕೊಪ್ಪಳ_ತೋಟ:
ಕುಂಡ್ಯಾಗ ನಡೀತೈತಿ, ಮೂಡಣ ವರಾಂಡದಾಗ ಇಡ್ರಿ, ಬೆಳಗಿನ ಬಿಸಿಲು ಸಾಕು. ಬೋರ್ ನೀರು ಬ್ಯಾಡ, ಕುಂಡಿ ಅಂಚಿಗೆ ಬಿಳಿ ಉಪ್ಪು ಕಟ್ಟತೈತಿ, ಮಳಿ ನೀರು ಇಲ್ಲಾ ನಳದ ನೀರು ಹಾಕ್ರಿ. ನಡು ತುದಿ ಮುರಿಯದಂಗ ನೋಡ್ಕೋರಿ, ಅದು ಹೋದ್ರ ಗಿಡದ ಆಕಾರಾನ ಹೋತು. ಕಾರ್ಡಿಯಾ ಹೂವಿಗೆ ವಾಸನಿ ಇಲ್ರಿ, ಬಣ್ಣ ಅಷ್ಟ. ಅವ್ವಗ ಬ್ಯಾರೆ ಒಂದು ದಾಸಾಳ ಹಚ್ಚಿ ಕೊಡ್ರಿ.