‘ಪ್ರಗತಿ ತೃಪ್ತಿಕರವಾಗಿಲ್ಲ’ ಅಂತ ಬರೆದಿದ್ದಾರೆ, ಪಿಎಚ್‌ಡಿ ನೋಂದಣಿ ಉಳಿಸಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಅತಿಥಿ ಉಪನ್ಯಾಸಕಿ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಅರೆಕಾಲಿಕ ಪಿಎಚ್‌ಡಿ ಮಾಡ್ತಿದ್ದೀನಿ. ಅರಸೀಕೆರೆ ಸೀಮೆಯ ವೀರಗಲ್ಲು (ಹೋರಾಡಿ ಸತ್ತವರ ನೆನಪಿನ ಕಲ್ಲು), ಮಾಸ್ತಿಕಲ್ಲುಗಳು (ಸತಿ ಹೋದ ಹೆಂಗಸರ ನೆನಪಿನ ಕಲ್ಲು) ನನ್ನ ವಿಷಯ. 2021ರ ಆಗಸ್ಟ್‌ನಲ್ಲಿ ಪ್ರವೇಶ ಆಯ್ತು. ಕೋರ್ಸ್‌ವರ್ಕ್‌ನಲ್ಲಿ 61 ಪರ್ಸೆಂಟ್ ಬಂತು. 2023ರಲ್ಲಿ ಮಗಳು ಹುಟ್ಟಿದಳು, ಅಲ್ಲಿಂದ ಊರೂರು ತಿರುಗೋದು ನಿಂತೇಹೋಯ್ತು. ಹೋದ ವಾರ ಸಂಶೋಧನಾ ಸಲಹಾ ಸಮಿತಿ ಮುಂದೆ ಕೂತಿದ್ದೆ. ಹತ್ತು ನಿಮಿಷವೂ ಕೇಳಲಿಲ್ಲ. ‘ಪ್ರಗತಿ ತೃಪ್ತಿಕರವಾಗಿಲ್ಲ’ ಅಂತ ಒಂದೇ ಸಾಲು ಬರೆದು ಸಹಿ ಹಾಕಿದರು. ಹೊರಗೆ ಬಂದಾಗ ಕಚೇರಿಯವರೊಬ್ಬರು ‘ಇನ್ನೊಂದು ಸಲ ಹೀಗಾದರೆ ರದ್ದು ಮೇಡಂ’ ಅಂದರು. ಬಸ್ಸಿನಲ್ಲಿ ಬರುವಾಗ ಕೈಕಾಲು ಆಡಲಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಿಜವಾಗಲೂ ರದ್ದು ಮಾಡ್ತಾರಾ? ಈಗ ಏನು ಮಾಡಲಿ?

ಉತ್ತರ: ಪದವಿ ಕಾಲೇಜಿನ ಅಧ್ಯಾಪಕಿ, ಹಾಸನ

ಮೇಡಂ, ಮೊದಲು ಮನೆಯಲ್ಲಿ ಹೇಳಿ. ನಾನು ಎಂಟು ತಿಂಗಳು ಹೇಳದೆ ಇಟ್ಟುಕೊಂಡಿದ್ದೆ, ಅದರ ಭಾರಕ್ಕೇ ಅರ್ಧ ಕೆಲಸ ಕೆಟ್ಟಿತು.

ನನಗೆ ಇದೇ ಸಾಲನ್ನು ಎರಡು ಸಲ ಬರೆದಿದ್ದಾರೆ. ಈಗ ನನ್ನ ಹೆಸರಿನ ಹಿಂದೆ ಡಾಕ್ಟರ್ ಇದೆ. ಹಾಗಾಗಿ ಒಂದು ಸಾಲಿಗೆ ನೋಂದಣಿ ಹೋಗಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪಿಎಚ್‌ಡಿ ನಿಯಮ ಏನು ಹೇಳುತ್ತೆ ನೋಡಿ. ಪ್ರಗತಿ ಸರಿಯಿಲ್ಲ ಅನ್ನಿಸಿದರೆ ಸಮಿತಿ ಅದಕ್ಕೆ ಕಾರಣ ದಾಖಲಿಸಬೇಕು, ಸರಿಪಡಿಸಿಕೊಳ್ಳೋದು ಹೇಗೆ ಅಂತಲೂ ಸೂಚಿಸಬೇಕು. ಆ ಸೂಚನೆಗಳನ್ನು ಅಭ್ಯರ್ಥಿ ಪಾಲಿಸದೆ ಹೋದರೆ ಮಾತ್ರ, ನಿರ್ದಿಷ್ಟ ಕಾರಣ ಕೊಟ್ಟು, ರದ್ದತಿಗೆ ಶಿಫಾರಸು ಮಾಡಬಹುದು. 2016ರ ನಿಯಮದಲ್ಲೂ ಹೀಗೇ ಇದೆ, 2022ರದ್ದರಲ್ಲೂ ಹೀಗೇ ಇದೆ. ನಿಮಗೆ ಕಾರಣವನ್ನೂ ಕೊಟ್ಟಿಲ್ಲ, ಸೂಚನೆಯನ್ನೂ ಕೊಟ್ಟಿಲ್ಲ. ಈಗ ನೀವು ಕೇಳಿ ಪಡೆಯಬೇಕಾದ್ದು ಅವೆರಡನ್ನೇ.

ಜಗಳಕ್ಕೆ ಹೋಗಬೇಡಿ. ಗೈಡ್ ಮೂಲಕ ಸಮಿತಿಗೆ ಅರ್ಧ ಪುಟದ ಪತ್ರ ಕೊಡಿ. ‘ಇಂಥ ತಾರೀಕಿನ ಸಭೆಯಲ್ಲಿ ನನ್ನ ಪ್ರಗತಿ ತೃಪ್ತಿಕರವಾಗಿಲ್ಲವೆಂದು ದಾಖಲಾಗಿದೆ. ಸುಧಾರಿಸಿಕೊಳ್ಳಲು ಅನುಕೂಲವಾಗುವಂತೆ ಕಾರಣಗಳನ್ನೂ ಸೂಚನೆಗಳನ್ನೂ ಲಿಖಿತವಾಗಿ ನೀಡಬೇಕೆಂದು ಕೋರುತ್ತೇನೆ’, ಇಷ್ಟು ಸಾಕು. ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿ ಮೇಲೆ ಟಪಾಲು ವಿಭಾಗದ ಸೀಲು, ತಾರೀಕು ಹಾಕಿಸಿಕೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ.

ನನ್ನದು ಏನಾಗಿತ್ತು ಅಂದರೆ, ಸಕಲೇಶಪುರ ಕಡೆಯ ಸುಗ್ಗಿ ಆಚರಣೆ ನನ್ನ ವಿಷಯ. ಆರು ತಿಂಗಳಿಗೊಂದು ಪ್ರಗತಿ ವರದಿ ಕೊಡುತ್ತಲೇ ಇದ್ದೆ, ಒಂದೂ ತಪ್ಪಿಸಿರಲಿಲ್ಲ. ಆದರೂ ಹೀಗೆ ಬರೆದುಬಿಟ್ಟರಲ್ಲ ಅಂತ ಗೈಡ್ ಹತ್ತಿರ ಹೋಗಿ ಅತ್ತೆ. ಅವರು ಏನೂ ಮಾತಾಡಲಿಲ್ಲ. ಬೀರುವಿನಿಂದ ಫೈಲು ತೆಗೆದು ನನ್ನ ನಾಲ್ಕು ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ‘ಈ ಅವಧಿಯಲ್ಲಿ ಮಾಡಿದ ಕೆಲಸ’ ಅನ್ನೋ ಜಾಗದಲ್ಲಿ ನಾಲ್ಕರಲ್ಲೂ ನನ್ನದೇ ಅಕ್ಷರದಲ್ಲಿ ಒಂದೇ ಮಾತು: ‘ಕ್ಷೇತ್ರಕಾರ್ಯ ಪ್ರಗತಿಯಲ್ಲಿದೆ.’ ಎರಡು ವರ್ಷ ನಾನು ಅದೊಂದೇ ವಾಕ್ಯ ಬರೆದಿದ್ದೆ. ಆ ಎರಡು ವರ್ಷದಲ್ಲಿ ಹನ್ನೊಂದು ಊರು ತಿರುಗಿದ್ದೆ, ಮೂವತ್ತಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದೆ. ವರದಿಯಲ್ಲಿ ಒಂದು ಊರಿನ ಹೆಸರೂ ಇರಲಿಲ್ಲ. ಇನ್ನು ಸಮಿತಿಗೆ ಹೇಗೆ ಗೊತ್ತಾಗಬೇಕು?

ಆವತ್ತು ರಾತ್ರಿ ಒಂದು ಹಾಳೆ ತಗೊಂಡು ಗೆರೆ ಎಳೆದು ಮೂರು ಕಾಲಂ ಮಾಡಿದೆ. ಮೊದಲನೇದರಲ್ಲಿ ಸಮಿತಿ ಹೇಳಿದ್ದು, ಎರಡನೇದರಲ್ಲಿ ಅದಕ್ಕೆ ನಾನು ಮಾಡಿದ್ದು, ಮೂರನೇದರಲ್ಲಿ ಅದು ಯಾವ ಪುಟದಲ್ಲಿದೆ ಅನ್ನೋದು. ಮುಂದಿನ ಪ್ರತಿ ಸಭೆಗೂ ಅದೇ ಹಾಳೆಯನ್ನು ಮುಂದುವರಿಸಿಕೊಂಡು ಹೋದೆ. ಎರಡನೇ ಸಲ ‘ತೃಪ್ತಿಕರವಾಗಿಲ್ಲ’ ಅಂದಾಗ ಜೊತೆಗೆ ಎರಡು ಕಾರಣ ಬರೆದುಕೊಟ್ಟರು, ಮೂರನೇ ಸಭೆಯಲ್ಲಿ ಆ ಎರಡಕ್ಕೂ ಉತ್ತರ ಇಟ್ಟೆ. ಅಧ್ಯಕ್ಷರು ಆ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ ‘ಇದನ್ನ ಮೊದಲೇ ಮಾಡಬಾರದಿತ್ತೇನಮ್ಮಾ’ ಅಂದರು. ಅಲ್ಲಿಂದ ಯಾರೂ ನನ್ನನ್ನು ತಡೆಯಲಿಲ್ಲ.

ಉತ್ತರ: ಕಡೂರು

ತಾರೀಕಿನ ವಿಷಯ ಹೇಳ್ತೀನಿ, ಇದರಲ್ಲಿ ನಾನು ಎಡವಿದವನು. ಆರು ವರ್ಷದ ಗಡುವು ಪ್ರವೇಶದ ದಿನದಿಂದ ಓಡೋಕೆ ಶುರುವಾಗುತ್ತೆ. ನಾನು ಕೋರ್ಸ್‌ವರ್ಕ್ ಮುಗಿದು ವಿಷಯ ಒಪ್ಪಿಗೆ ಆದ ದಿನದಿಂದ ಎಣಿಸಿಕೊಂಡು ಕೂತಿದ್ದೆ, ಹದಿನಾಲ್ಕು ತಿಂಗಳು ಲೆಕ್ಕ ತಪ್ಪಿತು. ಮೇಡಂ, ನಿಮ್ಮ ಆರು ವರ್ಷ 2027ರ ಆಗಸ್ಟ್‌ಗೆ ಮುಗಿಯುತ್ತೆ. ಪ್ರವೇಶ ಪತ್ರ ತೆಗೆದು ನಿಖರ ತಾರೀಕು ನೋಡಿಕೊಳ್ಳಿ.

ಇನ್ನೊಂದು ಮುಖ್ಯ ಸಂಗತಿ. ಯುಜಿಸಿ ಹೊಸ ನಿಯಮ 2022ರ ನವೆಂಬರ್ 7ರಂದು ಅಧಿಸೂಚನೆ ಆಯ್ತು. ಅದಕ್ಕಿಂತ ಮೊದಲು ನೋಂದಣಿ ಆದವರಿಗೆ ಹಳೆಯ ನಿಯಮವೇ ಅನ್ವಯ. ನಿಮಗೆ 2016ರದ್ದು. ಅದರ ಪ್ರಕಾರ ಮಹಿಳೆಯರಿಗೂ, ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಗರಿಷ್ಠ ಅವಧಿಯಲ್ಲಿ ಎರಡು ವರ್ಷ ಸಡಿಲಿಕೆ ಕೊಡಬಹುದು. 2022ರ ನಿಯಮಕ್ಕೆ ಬಂದವರಿಗೆ ಲೆಕ್ಕ ಬೇರೆ: ಆರು ವರ್ಷ, ಮರುನೋಂದಣಿಯಿಂದ ಎರಡು, ಮಹಿಳೆಯರಿಗೆ ಮತ್ತೆರಡು, ಒಟ್ಟು ಹತ್ತು ದಾಟಬಾರದು. ಇಂಟರ್ನೆಟ್‌ನಲ್ಲಿ ಎರಡನ್ನೂ ಕಲಸಿ ಬರೆದಿರ್ತಾರೆ, ನೋಡಿ ಗೊಂದಲಕ್ಕೆ ಬೀಳಬೇಡಿ.

‘ಕೊಡಬಹುದು’ ಅಂತ ಇದೆಯೇ ಹೊರತು ತಾನಾಗಿ ಸಿಗುತ್ತೆ ಅಂತಿಲ್ಲ. ಅರ್ಜಿ ಹಾಕಬೇಕು, ಅದೂ ಗಡುವು ಮುಗಿಯೋ ಮೊದಲೇ. ಮುಗಿದ ಮೇಲೆ ಹೋದ ನನ್ನನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಐದು ತಿಂಗಳು ಅಲೆಸಿದರು.

ಉತ್ತರ: ಇಬ್ಬರು ಮಕ್ಕಳ ತಾಯಿ, ಹೊಳೆನರಸೀಪುರ

ಅಕ್ಕಾ, ಮಗು ಆದಾಗ ರಜೆಗೆ ಅರ್ಜಿ ಕೊಟ್ಟಿದ್ರಾ? ಹೆರಿಗೆ ಅಥವಾ ಶಿಶುಪಾಲನೆಗೆ ಅಂತ ಇಡೀ ಪಿಎಚ್‌ಡಿ ಅವಧಿಯಲ್ಲಿ 240 ದಿನದವರೆಗೆ ರಜೆ ಕೊಡಲು ನಿಯಮದಲ್ಲೇ ಅವಕಾಶ ಇದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರಲ್ಲ. ನಾನು ಬಾಣಂತನದಲ್ಲೂ ಸುಮ್ಮನಿದ್ದೆ, ಕಡತದಲ್ಲಿ ಅದು ‘ಕೆಲಸ ಮಾಡದ ಅವಧಿ’ ಆಗಿ ಕೂತುಬಿಡ್ತು. ಎರಡನೇ ಮಗುವಿಗೆ ಅರ್ಜಿ ಕೊಟ್ಟೆ, ಮಂಜೂರಾತಿ ಬಂತು. ನೀವು ಆಗ ಕೊಟ್ಟಿರದಿದ್ದರೂ ಈಗ ವಿವರಣೆ ಬರೆಯುವಾಗ ಮಗುವಿನ ಜನನ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಿ. ಮುಚ್ಚಿಡುವಂಥದ್ದು ಏನಿದೆ ಇದರಲ್ಲಿ? ಸಮಿತಿಯಲ್ಲಿ ಕೂತವರಿಗೆ ನಿಮ್ಮ ಮನೆ ಪರಿಸ್ಥಿತಿ ಕನಸು ಬೀಳಲ್ಲ, ಹೇಳಿದರೆ ತಾನೆ ತಿಳಿಯೋದು.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಚಿಕ್ಕಮಗಳೂರು

ಅಮ್ಮಾ, ನಾನು ಇಪ್ಪತ್ತು ವರ್ಷ ಮೇಜಿನ ಆ ಕಡೆ ಕೂತವನು. ಒಂದೇ ಸಾಲು ಬರೆದು ಕಳಿಸಿದ್ದು ನಿಮ್ಮ ಸಮಿತಿಯ ತಪ್ಪು, ಅದನ್ನು ಮೊದಲು ಹೇಳಿಬಿಡ್ತೇನೆ. ವಿದ್ಯಾರ್ಥಿ ಎಲ್ಲಿ ನಿಂತುಹೋಗಿದ್ದಾನೆ ಅಂತ ಕಂಡುಹಿಡಿಯೋದೇ ಆ ಸಭೆಯ ಕೆಲಸ.

ಆದರೆ ನಾವು ಏನು ಹುಡುಕ್ತೇವೆ ಅನ್ನೋದನ್ನೂ ತಿಳಿದುಕೊಳ್ಳಿ. ಒಂದು ದಿನಕ್ಕೆ ಎಂಟೊಂಬತ್ತು ಜನ ಬರ್ತಾರೆ. ಬಹಳ ಮಂದಿ ಬಾಯಲ್ಲಿ ಹೇಳ್ತಾರೆ, ಕೈಯಲ್ಲಿ ಏನೂ ಇರಲ್ಲ. ಇಪ್ಪತ್ತು ಪುಟದ ಒಂದು ಅಧ್ಯಾಯ, ಕರಡೇ ಆಗಲಿ, ಮೇಜಿನ ಮೇಲೆ ಬಿದ್ದರೆ ಮಾತಿನ ಧಾಟಿಯೇ ಬದಲಾಗುತ್ತೆ. ಆಗ ಪ್ರಶ್ನೆ ‘ಯಾಕೆ ಮಾಡಿಲ್ಲ’ ಅನ್ನೋದರಿಂದ ‘ಇದನ್ನ ಹೀಗೇಕೆ ಮಾಡಿದಿರಿ’ ಅನ್ನೋದಕ್ಕೆ ತಿರುಗುತ್ತೆ. ಎರಡನೇ ಪ್ರಶ್ನೆಗೆ ಉತ್ತರ ಕೊಡುವವರ ನೋಂದಣಿ ರದ್ದಾಗಿದ್ದನ್ನು ನಾನು ನೋಡಿಲ್ಲ.

ನೀವು ಈಗಾಗಲೇ ನೋಡಿರುವ ಕಲ್ಲುಗಳಿಂದಲೇ ಶುರು ಮಾಡಿ. ಹೊಸ ಊರಿಗೆ ಹೋಗಲೇಬೇಡಿ. ಒಂದೊಂದು ಕಲ್ಲಿಗೂ ಒಂದು ಪುಟ ಮಾಡಿ: ಊರು, ಕಲ್ಲು ನಿಂತಿರುವ ಜಾಗ, ಎತ್ತರ, ಅಗಲ, ಎಷ್ಟು ಪಟ್ಟಿಕೆ (ಅಡ್ಡಡ್ಡಲಾಗಿ ಕೆತ್ತಿದ ಚಿತ್ರದ ಸಾಲು), ಕೆಳಗಿನದರಲ್ಲಿ ಹೋರಾಟ ಯಾವ ಬಗೆಯದು, ತುರುಗೊಳೋ (ದನ ಹಿಡಿದೊಯ್ಯುವಾಗಿನ ಕಾಳಗ) ಊರಳಿವೋ (ಊರಿನ ಮೇಲೆ ದಾಳಿಯಾದಾಗಿನದು), ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ ಚಂದ್ರ ಇವೆಯೋ, ಬರಹ ಇದೆಯೋ, ಇದ್ದರೆ ಓದು. ಮಾಸ್ತಿಕಲ್ಲಾದರೆ ಬಳೆ ತೊಟ್ಟು ಎತ್ತಿದ ಕೈ ಹೇಗಿದೆ ಅನ್ನೋದು. ಇಂಥ ನಲವತ್ತು ಪುಟ ಆದರೆ ನಿಮ್ಮ ಪ್ರಬಂಧದ ಬೆನ್ನೆಲುಬು ಆಯ್ತು. ಮಗು ಮಲಗಿದ ಮೇಲೆ ದಿನಕ್ಕೊಂದು ಕಲ್ಲು ಬರೆದರೂ ಎರಡು ತಿಂಗಳಿಗೆ ಮುಗಿಯುತ್ತೆ.

ನಿಮ್ಮ ಗೈಡ್ ನಿವೃತ್ತಿ ಯಾವಾಗ ಅಂತಲೂ ಕೇಳಿಕೊಳ್ಳಿ. ಹತ್ತಿರ ಇದ್ದರೆ ಸಹಮಾರ್ಗದರ್ಶಕರ ವಿಷಯವನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳೋದು ಒಳ್ಳೇದು.

ಉತ್ತರ: ಬೇಲೂರು

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 2016ರ ನಿಯಮದವರಿಗೆ ಪ್ರಬಂಧ ಸಲ್ಲಿಸುವ ಮೊದಲು ತಜ್ಞರ ಪರಿಶೀಲನೆ ಇರುವ ಪತ್ರಿಕೆಯಲ್ಲಿ ಒಂದು ಲೇಖನ, ವಿಚಾರಸಂಕಿರಣಗಳಲ್ಲಿ ಎರಡು ಪ್ರಬಂಧ ಮಂಡನೆ ಕಡ್ಡಾಯ. 2022ರದ್ದರಲ್ಲಿ ಯುಜಿಸಿ ಈ ಕಡ್ಡಾಯ ತೆಗೆದಿದೆ, ಅದನ್ನು ಕೇಳಿ ‘ನಮಗೂ ಬೇಡವಂತೆ’ ಅಂತ ಸುಮ್ಮನಾದವರು ಕೊನೆಗೆ ಸಿಕ್ಕಿಹಾಕಿಕೊಳ್ತಾರೆ. ನಿಮ್ಮ ವಿಶ್ವವಿದ್ಯಾಲಯದ ಪಿಎಚ್‌ಡಿ ನಿಯಮಾವಳಿಯ ಪ್ರತಿ ಇಟ್ಟುಕೊಂಡು ಅದರಲ್ಲಿ ಏನಿದೆ ನೋಡಿ, ಕೊನೆಗೆ ನಿಮ್ಮನ್ನು ಅಳೆಯೋದು ಅದರಿಂದಲೇ.

ದುಡ್ಡು ಕೊಟ್ಟರೆ ಮೂರು ದಿನದಲ್ಲಿ ಲೇಖನ ಹಾಕ್ತೀವಿ ಅನ್ನೋ ವಾಟ್ಸಾಪ್ ಸಂದೇಶಗಳ ಹತ್ತಿರ ದಯವಿಟ್ಟು ಹೋಗಬೇಡಿ. ನನ್ನ ಜೊತೆಯವರೊಬ್ಬರ ಲೇಖನ ಅಂಥ ಕಡೆ ಬಂತು, ಸಮಿತಿ ಒಪ್ಪಲಿಲ್ಲ, ಒಂದು ವರ್ಷ ಹಿಂದೆ ಬಿದ್ದರು.

ಬೇರೆಯವರ ಬರಹ ಎತ್ತಿಕೊಳ್ಳುವಾಗ ಮೊದಲ ದಿನದಿಂದಲೇ ಅಡಿಟಿಪ್ಪಣಿ ಹಾಕಿ. 2018ರ ಕೃತಿಚೌರ್ಯ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ, 60 ದಾಟಿದರೆ ನೋಂದಣಿಯೇ ರದ್ದು.

ಉತ್ತರ: ಮೂಡಿಗೆರೆಯವನು, ಈಗ ಅಮೆರಿಕದಲ್ಲಿ ಎಂಎಸ್

ನಾನು ನಿಮಗೆ ನಿಯಮ ಹೇಳಿಕೊಡೋಕೆ ಬಂದವನಲ್ಲ ಅಕ್ಕ, ಇಲ್ಲೂ ಹೀಗೇ ಆಗುತ್ತೆ ಅಂತ ಹೇಳೋಕೆ ಬಂದೆ. ಇಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ ಸರಾಸರಿ 4ಕ್ಕೆ 3.0 ಅಂಕ ಕಾಯ್ದುಕೊಳ್ಳಬೇಕು. ಕೆಳಗಿಳಿದರೆ ‘ಪ್ರೊಬೇಷನ್’ ಅಂತ ಪತ್ರ ಬರುತ್ತೆ. ಮೊದಲ ಸೆಮಿಸ್ಟರ್‌ನಲ್ಲಿ ನನಗೆ 2.8 ಬಂತು. ಪತ್ರ ನೋಡಿದ ದಿನ ಊರಿನ ತೋಟ, ಅಪ್ಪ ತೆಗೆದುಕೊಟ್ಟ ಸಾಲ ಎಲ್ಲ ಕಣ್ಣ ಮುಂದೆ ಬಂತು. ಎರಡು ದಿನ ಆದ ಮೇಲೆ ಅದೇ ಪತ್ರವನ್ನು ಪೂರ್ತಿ ಓದಿದೆ. ಎಷ್ಟು ಸಮಯದೊಳಗೆ ಎಷ್ಟು ಅಂಕ ತರಬೇಕು, ಯಾರನ್ನು ಕಾಣಬೇಕು ಅಂತ ಎಲ್ಲ ಅದರಲ್ಲೇ ಇತ್ತು. ಸಲಹೆಗಾರರನ್ನು ಕಂಡು ಮುಂದಿನ ಸೆಮಿಸ್ಟರ್‌ಗೆ ಕಷ್ಟದ ಎರಡು ವಿಷಯ ಒಟ್ಟಿಗೆ ತಗೊಳ್ಳದ ಹಾಗೆ ಜೋಡಿಸಿಕೊಂಡೆ. ಈಗ 3.3 ಇದೆ. ನನಗೆ ಪತ್ರದಲ್ಲೇ ದಾರಿ ಬರೆದಿತ್ತು, ನಿಮಗೆ ಬರೆದಿಲ್ಲ. ಹಾಸನದ ಮೇಡಂ ಹೇಳಿದ ಹಾಗೆ ಅದನ್ನ ಕೇಳಿ ಬರೆಸಿಕೊಳ್ಳಿ.

ಕೇಳಿದವರು, ನಾಲ್ಕು ದಿನದ ನಂತರ

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಗೊತ್ತಾಗ್ತಿಲ್ಲ. ಮನೆಯಲ್ಲಿ ಹೇಳಿದೆ. ನಮ್ಮತ್ತೆ ‘ಭಾನುವಾರ ಮಗು ನನ್ನ ಹತ್ತಿರ ಬಿಡು, ನೀನು ಕಲ್ಲು ನೋಡ್ಕೊಂಡು ಬಾ’ ಅಂದರು. ಹಳೆಯ ನೋಟ್‌ಬುಕ್ ತೆಗೆದು ಎಣಿಸಿದೆ, ಅಳತೆ ಸಮೇತ ಐವತ್ತೆರಡು ಕಲ್ಲುಗಳ ವಿವರ ಇದೆ. ನಾನೇ ಮರೆತಿದ್ದೆ. ಪ್ರವೇಶ ಪತ್ರದಲ್ಲಿ ತಾರೀಕು ಆಗಸ್ಟ್ 18. ಇವತ್ತು ಪತ್ರ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಗೈಡ್ ಓದಿ ‘ಮೊದಲ ಹತ್ತು ಕಲ್ಲು ತಿಂಗಳ ಕೊನೆಗೆ ಕೊಡಿ’ ಅಂದರು. ನಿನ್ನೆ ರಾತ್ರಿ ಒಂದನ್ನು ಬರೆದೆ. ಕೆರೆ ಏರಿ ಮೇಲಿನ ಕಲ್ಲು ಅದು, ಮೂರು ಪಟ್ಟಿಕೆ, ಕೆಳಗೆ ಹಸುಗಳ ಸಾಲು. ಒಂದು ಪುಟಕ್ಕೆ ಮುಗಿಯಲಿಲ್ಲ, ಒಂದೂವರೆ ಆಯ್ತು.